ಕ್ರಿಪ್ಟೋ ಧಾರಣೆ ಸಾಧನ ಮತ್ತು ಅದರ ಕೈಪಿಡಿ

ಬಿಟ್‌ಕಾಯಿನ್, ಈಥರ್ ಮೊದಲಾದ ಕ್ರಿಪ್ಟೋ ನಾಣ್ಯಗಳ ಆ ಹೊತ್ತಿನ ಧಾರಣೆಯನ್ನು ಕೃತಕ ಬುದ್ಧಿಮತ್ತೆಯ ಏಜೆಂಟಿಗೆ ತಂದುಕೊಡುವ ಸಣ್ಣ ತಂತ್ರಾಂಶವೇ ಕ್ರಿಪ್ಟೋ ಧಾರಣೆ ಸಾಧನ. ಮನುಷ್ಯ ಏಜೆಂಟನ್ನು ಕೇಳುತ್ತಾನೆ, ಏಜೆಂಟು ಸಾಧನವನ್ನು ಕರೆಯುತ್ತದೆ, ಸಾಧನ ಅಂತರ್ಜಾಲದ ಒಂದು ಧಾರಣೆ ಸೇವೆಗೆ ಹೋಗಿ ಅಂಕಿ ತರುತ್ತದೆ. ಕೆಲಸ ಇಷ್ಟೇ. ಅದನ್ನು ಬರೆಯುವುದು ಇಂಜಿನಿಯರಿಂಗ್ ವಿದ್ಯಾರ್ಥಿಗೆ ಒಂದು ವಾರದ ಮಾತು. ಅದರ ಕೈಪಿಡಿ ಬರೆಯುವುದು ಮಾತ್ರ ಅಷ್ಟು ಸಲೀಸಲ್ಲ. ಏಕೆಂದರೆ ಈ ಕೈಪಿಡಿಯ ಮೊದಲ ಓದುಗ ಏಜೆಂಟೇ. ಓದಿದ್ದನ್ನು ಅದು ಹಾಗೆಯೇ ನಂಬುತ್ತದೆ. ಬರೆದವರ ಮನಸ್ಸಿನಲ್ಲಿದ್ದು ಕಾಗದಕ್ಕೆ ಇಳಿಯದೆ ಹೋದದ್ದನ್ನು ಊಹೆಯಿಂದ ತುಂಬಿಕೊಳ್ಳುತ್ತದೆ, ಆ ಊಹೆಯನ್ನೇ ಖಚಿತ ದನಿಯಲ್ಲಿ ಹೇಳಿಬಿಡುತ್ತದೆ.

ಏಜೆಂಟು ಎಂಬ ಮಾತು ತುಮಕೂರಿಗೆ ಹೊಸದಲ್ಲ. ಬಟವಾಡಿಯ ಎಪಿಎಂಸಿ ಯಾರ್ಡಿನಲ್ಲಿ ರೈತನ ಪರವಾಗಿ ಮಾಲು ಇಳಿಸಿಕೊಂಡು, ಟೆಂಡರಿಗೆ ಇಟ್ಟು, ಪಟ್ಟಿ ಬರೆದುಕೊಡುವವನು ಕಮಿಷನ್ ಏಜೆಂಟ್. ಇನ್ನೊಬ್ಬರ ಪರವಾಗಿ ಕೇಳಿ, ನೋಡಿ, ಹೇಳುವವನು ಎಂಬ ಅರ್ಥವೇ ಹೊಸ ಏಜೆಂಟಿಗೂ ಸಲ್ಲುತ್ತದೆ. ಧಾರಣೆ ಎಂಬ ಮಾತೂ ಹಾಗೆಯೇ. ಅಂಗಡಿಯಲ್ಲಿ ಚೀಟಿ ಅಂಟಿಸಿಟ್ಟದ್ದು ಬೆಲೆ. ಪೇಟೆಯಲ್ಲಿ ಒಂದು ದಿನ, ಒಂದು ಮಾಲಿಗೆ, ಹತ್ತಾರು ಜನ ಪೈಪೋಟಿಯಿಂದ ಕೇಳಿದ ಮೇಲೆ ನಿಂತದ್ದು ಧಾರಣೆ. ಕ್ರಿಪ್ಟೋ ನಾಣ್ಯಕ್ಕೆ ಅಂಟಿಸಿದ ಚೀಟಿ ಎಲ್ಲಿಯೂ ಇಲ್ಲ. ಅದಕ್ಕೆ ಇರುವುದೆಲ್ಲ ಧಾರಣೆಯೇ. ಆದ್ದರಿಂದ ಈ ಲೇಖನದಲ್ಲಿ ಅದೇ ಪದವನ್ನು ಉಳಿಸಿಕೊಂಡಿದೆ.

ಪೇಟೆ ಧಾರಣೆಯ ಚೀಟಿ

ಈ ಸಾಧನಗಳ ಪೂರ್ವಜರನ್ನು ಅಮೆರಿಕದಲ್ಲೇ ಹುಡುಕಬೇಕೆಂದಿಲ್ಲ. ಶಿವರಾತ್ರಿಯ ಆಸುಪಾಸಿನಲ್ಲಿ ಸಿದ್ಧಗಂಗೆಯಲ್ಲಿ ಕೂಡುವ ದನಗಳ ಜಾತ್ರೆಯಂಥ ಕಡೆ ಮಾರುವವನೂ ಕೊಳ್ಳುವವನೂ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದು ಹಳೆಯ ರೂಢಿ. ಅಲ್ಲಿ ಧಾರಣೆ ಇಬ್ಬರ ಗುಟ್ಟು. ಪಕ್ಕದಲ್ಲಿ ನಿಂತ ಮೂರನೆಯವನಿಗೆ ಅದು ತಿಳಿಯಕೂಡದು ಎಂಬುದೇ ಟವೆಲ್ಲಿನ ಉದ್ದೇಶ. ನಿಯಂತ್ರಿತ ಮಾರುಕಟ್ಟೆ ಈ ಗುಟ್ಟನ್ನು ಬಯಲಿಗೆ ತಂದಿತು. ಕರ್ನಾಟಕದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ 1966ರದು. ಅದರ ಅಡಿಯಲ್ಲಿ ತುಮಕೂರು, ಗುಬ್ಬಿ, ಕುಣಿಗಲ್, ತಿಪಟೂರು ಸಮಿತಿಗಳು ದಿನದ ಧಾರಣೆಯನ್ನು ಹಲಗೆಯ ಮೇಲೆ ಬರೆದವು, ಪತ್ರಿಕೆಗಳು ಅಚ್ಚು ಹಾಕಿದವು, ಆಕಾಶವಾಣಿ ಓದಿತು. 2000ರಲ್ಲಿ ಮಂಡಿ ಧಾರಣೆ ಪ್ರಕಟಿಸುವ ಕೇಂದ್ರ ಸರ್ಕಾರದ ಜಾಲತಾಣ ಆಗ್‌ಮಾರ್ಕ್‌ನೆಟ್ ಬಂತು. ರಾಜ್ಯದ ಕೃಷಿ ಮಾರಾಟ ಇಲಾಖೆ ಕೃಷಿ ಮಾರಾಟ ವಾಹಿನಿ ಎಂಬ ಜಾಲತಾಣದಲ್ಲಿ ಎಲ್ಲ ಸಮಿತಿಗಳ ಧಾರಣೆಯನ್ನು ಕನ್ನಡದಲ್ಲೇ ಹಾಕತೊಡಗಿತು. 2014ರಲ್ಲಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆ ರೂಪುಗೊಂಡು ರಾಜ್ಯದ ಮಾರುಕಟ್ಟೆಗಳಿಗೆ ಒಂದೇ ಆನ್‌ಲೈನ್ ಟೆಂಡರ್ ವೇದಿಕೆ ದೊರೆಯಿತು. 2016ರ ಏಪ್ರಿಲ್ 14ರಂದು ದೇಶಮಟ್ಟದ ಆನ್‌ಲೈನ್ ಮಾರುಕಟ್ಟೆ ಇ-ನ್ಯಾಮ್ ಉದ್ಘಾಟನೆಯಾಯಿತು. ಇಂದು ಕೇಂದ್ರದ ಮುಕ್ತ ದತ್ತಾಂಶ ತಾಣದಿಂದ ಮಂಡಿ ಧಾರಣೆಯನ್ನು ಯಾವ ತಂತ್ರಾಂಶವಾದರೂ ನೇರವಾಗಿ ಕೇಳಿ ಪಡೆಯಬಹುದು.

ಮಂಡಿಯ ಧಾರಣೆ ಚೀಟಿಯಲ್ಲಿ ಏನೇನಿರುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು. ಮಾರುಕಟ್ಟೆಯ ಹೆಸರು, ದಿನಾಂಕ, ಮಾಲು, ತಳಿ, ದರ್ಜೆ, ಆವಕ, ಕನಿಷ್ಠ, ಗರಿಷ್ಠ, ಮಾದರಿ. ಮಾದರಿ ಎಂದರೆ ಆ ದಿನ ಹೆಚ್ಚು ಮಾಲು ಮಾರಾಟವಾದ ಧಾರಣೆ. ಒಂದು ಅಂಕಿಗೆ ಇಷ್ಟೊಂದು ಕಾವಲು ಏಕೆ? ಅಡಿಕೆ ಎಂದರೆ ರಾಶಿಯೋ ಬೆಟ್ಟೆಯೋ ಎಂಬ ಪ್ರಶ್ನೆ ಇದೆ. ಹುಣಸೆಹಣ್ಣಿಗೆ ಬೀಜ ತೆಗೆದದ್ದೋ ಬೀಜದ ಸಮೇತವೋ ಎಂದು ಕೇಳಬೇಕು. ತೆಂಗಿನಕಾಯಿ ಒಂದು ಕಡೆ ಎಣಿಕೆಯಲ್ಲಿ ಸಾವಿರದ ಲೆಕ್ಕ, ಇನ್ನೊಂದು ಕಡೆ ತೂಕದ ಲೆಕ್ಕ. ಕೊಬ್ಬರಿಗಂತೂ ಕೇಂದ್ರ ಸರ್ಕಾರವೇ 2025ರ ಹಂಗಾಮಿಗೆ ಎರಡು ಬೆಂಬಲ ಬೆಲೆ ಸಾರಿತು: ಮಿಲ್ಲಿಂಗ್ ಕೊಬ್ಬರಿಗೆ ಕ್ವಿಂಟಲಿಗೆ 11,582 ರೂಪಾಯಿ, ಉಂಡೆ ಕೊಬ್ಬರಿಗೆ 12,100. ತಿಪಟೂರು ಸೀಮೆಯದು ಉಂಡೆ ಕೊಬ್ಬರಿ. ಬರೀ ಕೊಬ್ಬರಿ ಎಂದು ಕೇಳಿ ಮೊದಲ ಅಂಕಿಯನ್ನು ತಂದ ಏಜೆಂಟು ಕ್ವಿಂಟಲಿಗೆ 518 ರೂಪಾಯಿ ತಪ್ಪು ಹೇಳಿದಂತಾಯಿತು. ಬೆಳೆಗಾರನಿಗೆ ಅದು ಸಣ್ಣ ಮೊತ್ತವಲ್ಲ.

ಕ್ರಿಪ್ಟೋ ಸಾಧನ ಬರೆಯುವ ಎಷ್ಟೋ ಜನ ಈ ಕಾವಲುಗಳನ್ನೆಲ್ಲ ಕೈಬಿಟ್ಟು ಬರೀ ಅಂಕಿಯನ್ನು ದಾಟಿಸುತ್ತಾರೆ. ಮಂಡಿಯ ಗುಮಾಸ್ತರು ತಲೆಮಾರುಗಳಿಂದ ಕಲಿತದ್ದನ್ನು ಹೊಸ ಪೇಟೆ ಮೊದಲಿನಿಂದ, ನಷ್ಟಪಟ್ಟು ಕಲಿಯುತ್ತಿದೆ.

ಹೊಸ ಪೇಟೆ

ಬಿಟ್‌ಕಾಯಿನ್ನಿನ ಮೊದಲ ಬ್ಲಾಕು 2009ರ ಜನವರಿ 3ರದು. ಹಲವು ವಿನಿಮಯ ಕೇಂದ್ರಗಳ ಧಾರಣೆಯನ್ನು ಒಟ್ಟುಗೂಡಿಸಿ ಕೊಡುವ ಕಾಯಿನ್‌ಮಾರ್ಕೆಟ್‌ಕ್ಯಾಪ್ 2013ರಲ್ಲೂ, ಕಾಯಿನ್‌ಗೆಕ್ಕೋ 2014ರಲ್ಲೂ ಆರಂಭವಾದವು. ಏಜೆಂಟುಗಳ ಸಾಧನಗಳು ಹೆಚ್ಚಾಗಿ ಇಂಥ ಸೇವೆಗಳ ಬಾಗಿಲನ್ನೇ ತಟ್ಟುತ್ತವೆ.

ಕರ್ನಾಟಕ ಈ ಕಥೆಯಲ್ಲಿ ಬೇಗನೆ ಬಂತು. 2013ರಲ್ಲಿ ಬೆಂಗಳೂರಿನಲ್ಲಿ ಸಾತ್ವಿಕ್ ವಿಶ್ವನಾಥ್, ಸನ್ನಿ ರೇ, ಹರೀಶ್ ಬಿ.ವಿ., ಅಭಿನಂದ್ ಕಾಸೆಟ್ಟಿ ಸೇರಿ ಯುನೋಕಾಯಿನ್ ಎಂಬ ವಿನಿಮಯ ಕೇಂದ್ರ ಕಟ್ಟಿದರು. ಅದೇ ವರ್ಷ ಡಿಸೆಂಬರ್ 24ರಂದು ರಿಸರ್ವ್ ಬ್ಯಾಂಕ್ ಇಂಥ ನಾಣ್ಯಗಳ ಬಗ್ಗೆ ಜನರಿಗೆ ಮೊದಲ ಎಚ್ಚರಿಕೆ ಕೊಟ್ಟಿತು. 2018ರ ಏಪ್ರಿಲ್ 6ರ ಸುತ್ತೋಲೆ ಬ್ಯಾಂಕುಗಳು ಈ ವ್ಯವಹಾರದಿಂದ ದೂರ ಸರಿಯಬೇಕೆಂದಿತು. ಆ ಅಕ್ಟೋಬರಿನಲ್ಲಿ ಬೆಂಗಳೂರಿನ ಕೆಂಪ್‌ಫೋರ್ಟ್ ಮಾಲ್‌ನಲ್ಲಿ ಯುನೋಕಾಯಿನ್ ಇಟ್ಟ ಎಟಿಎಂ ಮಾದರಿಯ ಯಂತ್ರವನ್ನು ಪೊಲೀಸರು ಕೆಲವೇ ದಿನಗಳಲ್ಲಿ ವಶಪಡಿಸಿಕೊಂಡರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ 30 ತೆರಿಗೆ, ಜುಲೈ 1ರಿಂದ ವ್ಯವಹಾರದ ಮೊತ್ತದ ಮೇಲೆ ಶೇ 1 ಟಿಡಿಎಸ್ ಬಂತು. 2023ರ ಮಾರ್ಚ್‌ನಲ್ಲಿ ಈ ವಹಿವಾಟು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೂ ಸೇರಿತು.

ಕಾನೂನಿನ ಈ ಏರಿಳಿತ ಕೈಪಿಡಿಗೆ ಏಕೆ ಬೇಕು ಎಂದರೆ, ಸಾಧನ ತೋರಿಸುವ ಧಾರಣೆಗೂ ಮಾರಿದವನ ಕೈಗೆ ಬರುವ ಹಣಕ್ಕೂ ಅಂತರವಿದೆ. ಒಂದು ಲಕ್ಷ ರೂಪಾಯಿಗೆ ನಾಣ್ಯ ಮಾರಿದರೆ ಟಿಡಿಎಸ್ ಅನ್ವಯಿಸುವಲ್ಲಿ 1,000 ರೂಪಾಯಿ ಅಲ್ಲೇ ಕಡಿತ. ಜೊತೆಗೆ ಡಾಲರಿನಲ್ಲಿ ನಿಂತ ಜಾಗತಿಕ ಧಾರಣೆಯನ್ನು ಆ ದಿನದ ವಿನಿಮಯ ದರದಿಂದ ಗುಣಿಸಿದರೆ ಬರುವ ರೂಪಾಯಿ ಒಂದು, ಭಾರತದ ವಿನಿಮಯ ಕೇಂದ್ರದಲ್ಲಿ ರೂಪಾಯಿಗೇ ನಡೆದ ವ್ಯಾಪಾರದ ಧಾರಣೆ ಇನ್ನೊಂದು. ಗುಣಾಕಾರದಿಂದ ಬಂದದ್ದೋ ಪೇಟೆಯಲ್ಲಿ ನಡೆದದ್ದೋ ಎಂಬುದನ್ನು ಸಾಧನ ಹೇಳದಿದ್ದರೆ, ಅಂತರಸನಹಳ್ಳಿ ಮಾರುಕಟ್ಟೆಯ ಟೊಮೆಟೊ ಧಾರಣೆ ಕೇಳಿದವನಿಗೆ ಕೋಲಾರದ್ದನ್ನು ಹೇಳಿದಂತೆ.

ಯಾವ ನಾಣ್ಯ?

ಏಜೆಂಟಿಗೆ ಸಾಧನವನ್ನು ಪರಿಚಯಿಸುವ ಕ್ರಮಕ್ಕೆ ಹೆಚ್ಚು ವಯಸ್ಸಾಗಿಲ್ಲ. 2023ರ ಜೂನ್‌ನಲ್ಲಿ ಓಪನ್‌ಎಐ ಫಂಕ್ಷನ್ ಕಾಲಿಂಗ್ ಎಂಬ ವ್ಯವಸ್ಥೆ ತಂದಿತು. 2024ರ ನವೆಂಬರ್‌ನಲ್ಲಿ ಆಂಥ್ರಾಪಿಕ್ ಸಂಸ್ಥೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮುಕ್ತ ನಿಯಮಾವಳಿಯನ್ನು ಪ್ರಕಟಿಸಿತು. ಎರಡರಲ್ಲೂ ತಿರುಳು ಒಂದೇ: ಸಾಧನಕ್ಕೊಂದು ಹೆಸರು, ಅದು ಏನು ಮಾಡುತ್ತದೆ ಎಂಬ ವಿವರಣೆ, ಏನೇನು ಕೊಟ್ಟರೆ ಕೆಲಸ ಮಾಡುತ್ತದೆ ಎಂಬ ನಮೂನೆ. ಈ ವಿವರಣೆಯೇ ಕೈಪಿಡಿಯ ಹೃದಯ. ಏಜೆಂಟಿನ ಒಳಗಿರುವ ಭಾಷಾ ಮಾದರಿಯ ತರಬೇತಿ ಒಂದು ದಿನಕ್ಕೆ ನಿಂತಿರುತ್ತದೆ. ಅಲ್ಲಿಂದಾಚೆಗಿನ ಧಾರಣೆ ಅದಕ್ಕೆ ಗೊತ್ತಿರುವುದಿಲ್ಲ. ಆದರೂ ಕೇಳಿದರೆ ಹಳೆಯ ಅಂಕಿಯನ್ನು ಇಂದಿನದೆಂಬಂತೆ ಹೇಳಬಲ್ಲದು. ಆದ್ದರಿಂದ ಇಂದಿನ ಧಾರಣೆ ಕೇಳಿದಾಗಲೆಲ್ಲ ನೆನಪಿನಿಂದ ಹೇಳದೆ ಈ ಸಾಧನವನ್ನೇ ಕರೆಯಬೇಕು, ಬಿಟ್‌ಕಾಯಿನ್ ಎಂದರೇನು ಎಂದಷ್ಟೇ ಕೇಳಿದರೆ ಕರೆಯಬೇಕಿಲ್ಲ ಎಂದು ವಿವರಣೆ ಬಿಡಿಸಿ ಹೇಳಬೇಕು.

ನಾಣ್ಯವನ್ನು ಗುರುತಿಸುವ ತೊಡಕು ಎಲ್ಲಕ್ಕಿಂತ ದೊಡ್ಡದು. ಬಿಟಿಸಿ, ಇಟಿಎಚ್ ಎಂಬ ಮೂರಕ್ಷರದ ಗುರುತುಗಳು ಚಿಕ್ಕವು, ಬಳಸಲು ಹಿತ. ಆದರೆ ಅವು ಯಾರ ಸ್ವತ್ತೂ ಅಲ್ಲ. ಒಂದೇ ಗುರುತನ್ನು ಹಲವು ನಾಣ್ಯಗಳು ಇಟ್ಟುಕೊಂಡಿವೆ. 2022ರ ಮೇ ತಿಂಗಳಲ್ಲಿ ಟೆರಾ ಜಾಲದ ಲೂನಾ ನಾಣ್ಯ ಕೆಲವೇ ದಿನಗಳಲ್ಲಿ ನೆಲಕಚ್ಚಿತು. ಆ ತಿಂಗಳ ಕೊನೆಗೆ ಹೊಸ ಜಾಲ ಶುರುವಾಗಿ, ಅದರ ನಾಣ್ಯ ಲೂನಾ ಎಂಬ ಹೆಸರನ್ನೇ ಪಡೆಯಿತು. ಹಳೆಯದು ಲೂನಾ ಕ್ಲಾಸಿಕ್ ಆಯಿತು. ಕಾಯಿನ್‌ಗೆಕ್ಕೋದಲ್ಲಿ ಹಳೆಯದರ ಒಳಗುರುತು ಟೆರಾ-ಲೂನಾ, ಹೊಸದರದು ಟೆರಾ-ಲೂನಾ-2. ಏಪ್ರಿಲ್‌ನಲ್ಲಿ ಲೂನಾ ಕೊಂಡವನೊಬ್ಬ ಜೂನ್‌ನಲ್ಲಿ ಲೂನಾ ಎಷ್ಟು ಎಂದು ಕೇಳಿದರೆ, ಬರೀ ಗುರುತನ್ನು ನೆಚ್ಚಿದ ಸಾಧನ ಅವನು ಕೊಂಡದ್ದಲ್ಲದ ಬೇರೆ ನಾಣ್ಯದ ಧಾರಣೆಯನ್ನು ಹೇಳುತ್ತದೆ. ಇಂಥ ತಪ್ಪು ಒಂದು ಮನೆಯ ಉಳಿತಾಯದ ಬಗ್ಗೆ ಸುಳ್ಳು ಭರವಸೆ ಕೊಡಬಲ್ಲದು. ಆದ್ದರಿಂದ ನಮೂನೆಯಲ್ಲಿ ಸೇವೆಯ ಒಳಗುರುತನ್ನೇ ಕೇಳಬೇಕು. ಈಥೀರಿಯಂ ಜಾಲದ ಟೋಕನ್ನಾದರೆ ಅದರ ಒಪ್ಪಂದ ವಿಳಾಸವನ್ನು ಕೇಳುವುದು ಇನ್ನೂ ಸುರಕ್ಷಿತ. ಹೆಸರು ಎರಡಕ್ಕೆ ಹೊಂದಿದರೆ ಸಾಧನ ತಾನೇ ಆರಿಸದೆ ಎರಡನ್ನೂ ಮುಂದಿಡಬೇಕು. ಯಾವುದೆಂದು ಏಜೆಂಟು ಮನುಷ್ಯನನ್ನು ಕೇಳಲಿ.

ಸರಾಸರಿಯ ಒಳಗೆ

ಕಾಯಿನ್‌ಮಾರ್ಕೆಟ್‌ಕ್ಯಾಪ್, ಕಾಯಿನ್‌ಗೆಕ್ಕೋಗಳು ತೋರಿಸುವುದು ಹಲವು ಕೇಂದ್ರಗಳ ಧಾರಣೆಯನ್ನು ವಹಿವಾಟಿನ ಗಾತ್ರಕ್ಕೆ ತಕ್ಕಂತೆ ತೂಗಿದ ಸರಾಸರಿ. ಮಂಡಿಯ ಮಾದರಿ ಧಾರಣೆಗೆ ಇದು ದೂರದ ನೆಂಟ. ತೂಗುವ ಬಟ್ಟು ಬದಲಾದರೆ ಅಂಕಿಯೂ ಬದಲಾಗುತ್ತದೆ. 2018ರ ಜನವರಿ 8ರಂದು ಕಾಯಿನ್‌ಮಾರ್ಕೆಟ್‌ಕ್ಯಾಪ್ ದಕ್ಷಿಣ ಕೊರಿಯಾದ ಕೆಲವು ಕೇಂದ್ರಗಳನ್ನು ಸರಾಸರಿಯಿಂದ ಕೈಬಿಟ್ಟಿತು. ಅಲ್ಲಿ ಧಾರಣೆ ಬೇರೆಡೆಗಿಂತ ಹೆಚ್ಚಿದ್ದದ್ದೇ ಕಾರಣ. ಪೂರ್ವಸೂಚನೆ ಇಲ್ಲದ್ದರಿಂದ ಪರದೆ ನೋಡಿದವರಿಗೆ ಪೇಟೆಯೇ ಕುಸಿದಂತೆ ಕಂಡಿತು, ಎಕ್ಸ್‌ಆರ್‌ಪಿಯ ಧಾರಣೆ ಗಣನೀಯವಾಗಿ ಇಳಿದಂತೆ ತೋರಿತು, ಗಾಬರಿಯಿಂದ ಮಾರಿದವರೂ ಇದ್ದರು. 2021ರ ಡಿಸೆಂಬರ್ 14ರಂದು ಅದೇ ತಾಣದಲ್ಲಿ ತಾಂತ್ರಿಕ ದೋಷದಿಂದ ನಾಣ್ಯಗಳ ಧಾರಣೆ ಊಹಿಸಲಾಗದಷ್ಟು ಉಬ್ಬಿ ಕಂಡಿತು. ಮನುಷ್ಯ ಅಂಥ ಅಂಕಿ ಕಂಡರೆ ಹುಬ್ಬೇರಿಸುತ್ತಾನೆ. ಏಜೆಂಟಿಗೆ ಹುಬ್ಬೇರಿಸುವುದನ್ನು ಕೈಪಿಡಿಯೇ ಕಲಿಸಬೇಕು: ಎರಡು ಮೂಲಗಳು ಇಂತಿಷ್ಟಕ್ಕಿಂತ ಹೆಚ್ಚು ಭಿನ್ನವಾದರೆ ಒಂದನ್ನೇ ಹೇಳಬೇಡ, ಎರಡನ್ನೂ ಹೇಳು ಎಂದು.

ಆವಕದ, ಅಂದರೆ ಇಲ್ಲಿ ವಹಿವಾಟಿನ ಗಾತ್ರದ, ಅಂಕಿಯನ್ನೂ ಸುಮ್ಮನೆ ನಂಬುವಂತಿಲ್ಲ. ಬಿಟ್‌ವೈಸ್ ಎಂಬ ಸಂಸ್ಥೆ 2019ರ ಮಾರ್ಚ್‌ನಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗಕ್ಕೆ ಕೊಟ್ಟ ವಿಶ್ಲೇಷಣೆಯಲ್ಲಿ, ವರದಿಯಾಗುತ್ತಿದ್ದ ಬಿಟ್‌ಕಾಯಿನ್ ವಹಿವಾಟಿನ ಸುಮಾರು ಶೇ 95ರಷ್ಟು ನಕಲಿ ಎಂದು ಹೇಳಿತ್ತು. ಯಾರ್ಡಿಗೆ ಬಾರದ ಮೂಟೆಯನ್ನು ಬಂದಿದೆ ಎಂದು ಬರೆದಂತೆ. ಇನ್ನು ವ್ಯಾಪಾರವೇ ನಿಂತ ಕೇಂದ್ರ. 2024ರ ಜುಲೈ 18ರಂದು ಭಾರತದ ವಿನಿಮಯ ಕೇಂದ್ರ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳವಾಗಿ, ಅಲ್ಲಿ ವಹಿವಾಟು ಸ್ಥಗಿತವಾಯಿತು. ಬಾಗಿಲು ಹಾಕಿದ ಪೇಟೆಯ ಕೊನೆಯ ಅಂಕಿ ಧಾರಣೆಯಾಗದು. ಮಾರುಕಟ್ಟೆಗೆ ರಜೆ ಇದ್ದ ದಿನ ಮಂಡಿಯ ಚೀಟಿ ಸೊನ್ನೆ ಬರೆಯುವುದಿಲ್ಲ, ಸಾಲನ್ನೇ ಬಿಡುತ್ತದೆ. ಸಾಧನವೂ ಹಾಗೆಯೇ ಮಾಡಬೇಕು. ಸೊನ್ನೆ ಬಂದರೆ ಏಜೆಂಟು ನಾಣ್ಯದ ಧಾರಣೆ ಸೊನ್ನೆಯಾಯಿತು ಎಂದು ಹೇಳಿಬಿಡುತ್ತದೆ, ಕೇಳಿದವನ ಎದೆ ಒಡೆಯುತ್ತದೆ.

ಹೊತ್ತು ಮತ್ತು ಅಂಕಿ

ಕ್ರಿಪ್ಟೋ ಪೇಟೆಗೆ ವಾರದ ಸಂತೆಯಿಲ್ಲ, ರಾತ್ರಿಯಿಲ್ಲ. ಬಹುಪಾಲು ಸೇವೆಗಳು ದಿನವನ್ನು ಜಾಗತಿಕ ಪ್ರಮಾಣ ಸಮಯದ ನಡುರಾತ್ರಿಗೆ ಮುಗಿಸುತ್ತವೆ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಆಗ ಬೆಳಗಿನ ಐದೂವರೆ. ನಸುಕಿನ ಐದಕ್ಕೆ ಎದ್ದು ನಿನ್ನೆ ಎಷ್ಟಕ್ಕೆ ನಿಂತಿತು ಎಂದು ಕೇಳಿದವರಿಗೆ, ಸೇವೆಯ ಲೆಕ್ಕದಲ್ಲಿ ನಿನ್ನೆ ಇನ್ನೂ ಮುಗಿದೇ ಇಲ್ಲ. ಅರ್ಧ ಗಂಟೆ ಕಳೆದು ಕೇಳಿದರೆ ಉತ್ತರವೇ ಬೇರೆ. ಆದ್ದರಿಂದ ಪ್ರತಿ ಅಂಕಿಯ ಜೊತೆಗೆ ಅದು ಯಾವ ಹೊತ್ತಿನದು ಎಂಬ ಮೊಹರು ಇರಬೇಕು, ಅದು ಭಾರತೀಯ ಸಮಯದಲ್ಲೂ ಇರಬೇಕು. ಸೇವೆಗಳು ಪದೇ ಪದೇ ಕೇಳಿದವರನ್ನು 429 ಎಂಬ ಸಂಕೇತ ಕೊಟ್ಟು ಹಿಂದೆ ಕಳಿಸುತ್ತವೆ. ಅದನ್ನು ತಪ್ಪಿಸಲು ಸಾಧನ ಹಿಂದಿನ ಉತ್ತರವನ್ನು ಸ್ವಲ್ಪ ಹೊತ್ತು ಎತ್ತಿಟ್ಟುಕೊಂಡು ಅದನ್ನೇ ಕೊಡುತ್ತದೆ. ತಂಗಳೆಂದು ಹೇಳಿ ಬಡಿಸಿದರೆ ತಪ್ಪಿಲ್ಲ. ದಿನಾಂಕದ ನಮೂನೆಯೂ ಗಟ್ಟಿಯಾಗಿರಬೇಕು: 03-04-2025 ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4.

ಅಂಕಿಯ ಬರವಣಿಗೆಯಲ್ಲೂ ತೊಡಕಿದೆ. ನಾವು ಅಲ್ಪವಿರಾಮ ಹಾಕುವುದು ಲಕ್ಷ, ಕೋಟಿಯ ಲೆಕ್ಕದಲ್ಲಿ. ಹೊರಗಿನವರು ಮಿಲಿಯನ್ನಿನ ಲೆಕ್ಕದಲ್ಲಿ. ಸಾಧನ ಅಲ್ಪವಿರಾಮವನ್ನೇ ಹಾಕದೆ ಬರೀ ಅಂಕಿಗಳನ್ನು ಕಳಿಸಿದರೆ, ಲಕ್ಷವೋ ಮಿಲಿಯನ್ನೋ ಎಂಬುದನ್ನು ಏಜೆಂಟು ಕೇಳುವವರ ಭಾಷೆಗೆ ತಕ್ಕಂತೆ ಹೇಳಬಹುದು. ಒಂದು ಬಿಟ್‌ಕಾಯಿನ್ ಎಂದರೆ ಹತ್ತು ಕೋಟಿ ಸತೋಶಿ. ಒಂದು ಈಥರ್ ಎಂದರೆ ಒಂದರ ಮುಂದೆ ಹದಿನೆಂಟು ಸೊನ್ನೆ ಇಟ್ಟಷ್ಟು ವೇಯಿ. ಶಿಬಾ ಇನುವಿನಂಥ ನಾಣ್ಯಗಳ ಧಾರಣೆ ದಶಮಾಂಶದ ನಂತರ ಹಲವು ಸೊನ್ನೆ ದಾಟಿ ಶುರುವಾಗುತ್ತದೆ, ಸೇವೆಗಳು ಅದನ್ನು ಹತ್ತರ ಘಾತದ ರೂಪದಲ್ಲಿ ಕಳಿಸುವುದುಂಟು. ಒಂದು ಸೊನ್ನೆ ಜಾರಿದರೆ ಹತ್ತು ಪಟ್ಟು ವ್ಯತ್ಯಾಸ.

ಕನ್ನಡದಲ್ಲಿ ಕೇಳಿದಾಗ

ಇಂಗ್ಲಿಷ್ ಕೈಪಿಡಿಗಳು ಮುಟ್ಟದ ಭಾಗ ಇದು. ಕನ್ನಡದಲ್ಲಿ ಬಿಟ್‌ಕಾಯಿನ್ ಎಂದು ಬರೆಯುವಾಗ ಟಕಾರದ ನಂತರ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಇರುತ್ತದೆ, ಮುಂದಿನ ಅಕ್ಷರ ಒತ್ತಾಗದಂತೆ ತಡೆಯಲು. ಅದನ್ನು ಬಿಟ್ಟರೆ ಬಿಟ್ಕಾಯಿನ್ ಆಗುತ್ತದೆ. ಜಾಗ ಬಿಟ್ಟು ಬಿಟ್ ಕಾಯಿನ್ ಎಂದೂ ಬರೆಯುತ್ತಾರೆ. ಓದುವವನಿಗೆ ಮೂರೂ ಒಂದೇ, ಯಂತ್ರಕ್ಕೆ ಮೂರು ಬೇರೆ ಪದ. ಇಥೀರಿಯಂ, ಈಥೀರಿಯಂ, ಎಥೇರಿಯಮ್ ಎಲ್ಲವೂ ಚಾಲ್ತಿಯಲ್ಲಿವೆ. ಕನ್ನಡ ಅಂಕಿಗಳಿಗೆ ಯೂನಿಕೋಡ್‌ನಲ್ಲಿ ತಮ್ಮದೇ ಸ್ಥಾನಗಳಿವೆ. ೫ ನಾಣ್ಯ ಎಂದು ಬರೆದರೆ 5 ಎಂದೇ ತಿಳಿಯಬೇಕು. ಆದ್ದರಿಂದ ಕನ್ನಡದ ಹೆಸರನ್ನು ಸೇವೆಯ ಒಳಗುರುತಿಗೆ ತಿರುಗಿಸುವ ಹೊಣೆ ಏಜೆಂಟಿನದೋ ಸಾಧನದ್ದೋ ಎಂಬುದನ್ನು ಕೈಪಿಡಿ ತೀರ್ಮಾನಿಸಿ ಬರೆಯಬೇಕು. ಏಜೆಂಟಿಗೆ ಬಿಡುವುದು ಮೇಲು ಎಂಬುದು ಈ ಲೇಖಕನ ಅಭಿಪ್ರಾಯ. ಭಾಷಾ ಮಾದರಿಗೆ ಕಾಗುಣಿತದ ವ್ಯತ್ಯಾಸ ಅರ್ಥವಾಗುತ್ತದೆ, ಸಾಧನದೊಳಗಿನ ಪಟ್ಟಿಗೆ ಆಗುವುದಿಲ್ಲ. ಕೈಪಿಡಿಯನ್ನೇ ಕನ್ನಡದಲ್ಲಿ ಬರೆಯಬಹುದು, ಬರೆಯಬೇಕು ಕೂಡ. ಅನೇಕ ಮಾದರಿಗಳು ಕನ್ನಡದ ಪಠ್ಯವನ್ನು ಇಂಗ್ಲಿಷಿಗಿಂತ ಹೆಚ್ಚು ತುಂಡುಗಳಾಗಿ ಎಣಿಸುವುದರಿಂದ ಖರ್ಚು ಜಾಸ್ತಿ. ಹಾಗಾಗಿ ಮಾತು ಬಿಗಿಯಾಗಿರಬೇಕು. ಒಂದು ಮಾದರಿ ಹೀಗಿರಬಹುದು:

ಸಾಧನ: ಧಾರಣೆ ನೋಡು. ಒಂದು ಕ್ರಿಪ್ಟೋ ನಾಣ್ಯದ ಈಗಿನ ಧಾರಣೆಯನ್ನು ಕೊಡುತ್ತದೆ. ಇಂದಿನ ಧಾರಣೆ ಕೇಳಿದಾಗ ಕರೆ, ನೆನಪಿನಿಂದ ಹೇಳಬೇಡ. ಬೇಕಾದದ್ದು: ನಾಣ್ಯದ ಒಳಗುರುತು, ಹಣದ ಗುರುತು. ಬಿಟಿಸಿಯಂಥ ಚಿಕ್ಕ ಗುರುತು ಮಾತ್ರ ಇದ್ದರೆ ಮೊದಲು ನಾಣ್ಯ ಹುಡುಕು ಎಂಬ ಸಾಧನವನ್ನು ಕರೆ. ಬರುವುದು: ಧಾರಣೆ, ಮೂಲ, ಪೇಟೆಯದೋ ಗುಣಾಕಾರದ್ದೋ, 24 ಗಂಟೆಯ ಕನಿಷ್ಠ ಮತ್ತು ಗರಿಷ್ಠ, ಹೊತ್ತಿನ ಮೊಹರು. ಮೊಹರು 5 ನಿಮಿಷಕ್ಕಿಂತ ಹಳೆಯದಾದರೆ ಹಾಗೆಂದು ತಿಳಿಸು. ಧಾರಣೆ ಸಿಗದಿದ್ದರೆ ಸಿಗಲಿಲ್ಲ ಎನ್ನು. ತೆರಿಗೆ, ಕಮಿಷನ್ ಸೇರಿಲ್ಲ. ಕೊಳ್ಳು, ಮಾರು ಎಂಬ ಸಲಹೆ ಈ ಸಾಧನದ್ದಲ್ಲ.

ಈ ಮಾದರಿಗೆ ಇನ್ನೊಂದು ಸಾಲು ಬೇಕು. ಈಥೀರಿಯಂನಂಥ ಜಾಲದಲ್ಲಿ ಯಾರು ಬೇಕಾದರೂ ಯಾವ ಹೆಸರಿನ ಟೋಕನನ್ನಾದರೂ ಹುಟ್ಟಿಸಬಹುದು. ಹೆಸರಿನ ಜಾಗದಲ್ಲೇ ಏಜೆಂಟಿಗೆ ಆದೇಶ ತುರುಕಬಹುದು, ಇರುವ ನಾಣ್ಯವನ್ನೆಲ್ಲ ಇಂಥ ವಿಳಾಸಕ್ಕೆ ಕಳಿಸು ಎಂಬಂತೆ. ಧಾರಣೆ ಕೇಳಲು ಹೋದ ಏಜೆಂಟು ಆ ಹೆಸರನ್ನು ಓದಿ ಆದೇಶವೆಂದು ತಿಳಿದರೆ ಮನೆ ಮುಳುಗಿತು. ಸಾಧನದಿಂದ ಬಂದ ಅಕ್ಷರಗಳೆಲ್ಲ ಮಾಹಿತಿ, ಯಾವುದೂ ಅಪ್ಪಣೆಯಲ್ಲ ಎಂಬ ಸಾಲು ಅದಕ್ಕಾಗಿ. ಅದಕ್ಕಿಂತ ಗಟ್ಟಿಯಾದ ಕಾವಲೂ ಇದೆ: ಧಾರಣೆ ನೋಡುವ ಸಾಧನದ ಕೈಗೆ ತಿಜೋರಿಯ ಕೀಲಿ ಕೊಡದಿರುವುದು. ನೋಡುವ ಸಾಧನ ನೋಡಲಿ. ಕಳಿಸುವ ಸಾಧನ ಬೇರೆಯಿರಲಿ, ಅದು ಪ್ರತಿ ಸಲವೂ ಮನುಷ್ಯನ ಒಪ್ಪಿಗೆ ಕೇಳಲಿ.

ಮಂಡಿಗೆ ಮರಳಿ

ಮೇಲಿನ ಕೈಪಿಡಿಯಲ್ಲಿ ನಾಣ್ಯದ ಒಳಗುರುತು ಇರುವಲ್ಲಿ ಮಾಲು, ತಳಿ, ದರ್ಜೆ ಎಂದೂ, ಹಣದ ಗುರುತು ಇರುವಲ್ಲಿ ಮಾರುಕಟ್ಟೆ ಎಂದೂ ಬರೆದರೆ ಅದು ಉಂಡೆ ಕೊಬ್ಬರಿಯ ಸಾಧನವಾಗುತ್ತದೆ. ಮೂಲ ಸರ್ಕಾರದ ಮುಕ್ತ ದತ್ತಾಂಶ. 24 ಗಂಟೆಯ ಕನಿಷ್ಠ, ಗರಿಷ್ಠದ ಜಾಗದಲ್ಲಿ ಆ ದಿನದ ಟೆಂಡರಿನ ಕನಿಷ್ಠ, ಗರಿಷ್ಠ, ಮಾದರಿ. ಐದು ನಿಮಿಷದ ಮಿತಿ ಇಲ್ಲಿ ಸಲ್ಲದು: ತಿಪಟೂರಿನಲ್ಲಿ ಕೊಬ್ಬರಿ ಟೆಂಡರ್ ನಡೆಯುವುದು ವಾರದ ಗೊತ್ತಾದ ದಿನಗಳಲ್ಲಿ, ಆದ್ದರಿಂದ ಎರಡು ದಿನ ಹಳೆಯ ಅಂಕಿಯೂ ಆ ಪೇಟೆಯ ಇತ್ತೀಚಿನ ಧಾರಣೆಯೇ. ತುಮಕೂರು ಜಿಲ್ಲೆಯಲ್ಲಿ ಬಿಟ್‌ಕಾಯಿನ್ ಇಟ್ಟುಕೊಂಡವರಿಗಿಂತ ತೆಂಗಿನ ಮರ ಇಟ್ಟುಕೊಂಡವರು ಬಹಳ. ಗುಬ್ಬಿಯ ತೋಟದಿಂದ ಒಬ್ಬಾಕೆ ಫೋನಿಗೆ ಕನ್ನಡದಲ್ಲೇ ಮಾತಾಡಿ ಇವತ್ತು ಉಂಡೆ ಕೊಬ್ಬರಿ ಹೆಂಗೈತೆ ಎಂದು ಕೇಳಿದರೆ, ಯಾವ ಮಾರುಕಟ್ಟೆ, ಯಾವ ದಿನದ್ದು, ಕ್ವಿಂಟಲಿಗೆ ಎಷ್ಟು, ಆವಕ ಎಷ್ಟಿತ್ತು ಎಂಬುದೆಲ್ಲ ಒಂದೇ ಉಸಿರಿನಲ್ಲಿ ಬರಬೇಕು.